ಬಿತ್ತುವ ಬಾಯಿ

ನಮ್ಮತ್ತೆ ಹಿಲ್ಕಾ ಟರ್ನಿಪ್ ಬಿತ್ತುವುದು ಬಾಯಿಂದ.
ಸಾಸಿವೆಯ ದಾಯಾದಿ ಆ ಬೀಜ, ಬೆರಳಿಗೆ ಸಿಕ್ಕದು,
ಸಿಕ್ಕರೆ ಬಿಡದು.
ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು, ತುಟಿ ಮುಚ್ಚಿ,
ಮೂರು ಹೆಜ್ಜೆಗೊಮ್ಮೆ ಫೂ ಎಂದು ಉಗುಳುತ್ತ
ಪಾತಿಯುದ್ದಕ್ಕೂ ನಡೆಯುತ್ತಾಳೆ.
ಮಾತಿಲ್ಲ. ಆಗ ಮಾತ್ರ ಮಾತಿಲ್ಲ.

ತುರ್ಕು ಪೇಟೆಯಿಂದ ಮದುವೆಯಾಗಿ ಬಂದ ಮೊದಲ ಜೂನ್‌ನಲ್ಲಿ
ಕಿಟಕಿಯಿಂದ ನೋಡಿ ಅಂದುಕೊಂಡಿದ್ದೆ:
ಮುದುಕಿ ನೆಲವನ್ನು ಬೈಯುತ್ತಿದ್ದಾಳೆ.
ರಾತ್ರಿ ತಟ್ಟೆಗೆ ಹೋದ ವರ್ಷದ ಟರ್ನಿಪ್ ಬೆಂದು ಬಂದಾಗ
ಹೊಟ್ಟೆ ಸರಿಯಿಲ್ಲ ಎಂದೆ.
ತೌನೋ ನಕ್ಕ. ಅವಳು ನಗಲಿಲ್ಲ,
ನನ್ನ ಪಾಲನ್ನೂ ತಿಂದಳು.

ಕೈನೂ ಸೀಮೆಯಲ್ಲಿ ನಮ್ಮ ಹೊಲ ಅಂದರೆ ಇಷ್ಟೇ:
ಸೌನಾದ ಗೋಡೆಯಿಂದ ಬಾವಿಯ ತನಕ ನಲವತ್ತು ಹೆಜ್ಜೆ,
ಉಳಿದದ್ದೆಲ್ಲ ಕಲ್ಲು, ಸ್ಪ್ರೂಸ್ ಮರ, ಕೆರೆ.
ಕಪ್ಪು ಓಟ್ಸ್ ಒಂದು ಮಡಿ, ಬೂದು ಬಟಾಣಿ ಒಂದು,
ಮುದಿ ಬೆರಳಿನಂಥ ಗಂಟುಗಂಟು ಆಲೂಗಡ್ಡೆ, ಹೆಸರಿಲ್ಲದ್ದು.
ಯುದ್ಧದಲ್ಲಿ ಗಡಿಯಾಚೆಯ ಮನೆ ಬಿಟ್ಟು ಬರುವಾಗ
ಹಿಲ್ಕಾಳ ಚಿಕ್ಕಮ್ಮ ಕಾಲುಚೀಲದಲ್ಲಿ ತಂದದ್ದಂತೆ.
ಒಂದು ಕಾಲಿನದನ್ನು ದಾರಿಯಲ್ಲೇ ಬೇಯಿಸಿ ತಿಂದರು.
ಇದು ಇನ್ನೊಂದು ಕಾಲಿನದು.

ಬೇಸಿಗೆಯ ನಡುವೆ ಬರುವ ಹಿಮಕ್ಕೆ ಇಲ್ಲಿ ಹಲ್ಲಾ ಅಂತ ಹೆಸರು.
ಹಲ್ಲಿಲ್ಲ, ಕಚ್ಚುತ್ತದೆ.
ರಾತ್ರಿ ಹನ್ನೊಂದಕ್ಕೂ ಬೆಳಕು, ಆಕಾಶ ತೊಳೆದ ಗಾಜು,
ಗಾಳಿ ನಿಂತಿತೆಂದರೆ ಬಾಗಿಲು ಬಡಿಯುತ್ತಾಳೆ:
ಏಳಿ, ಹಾಸಿಗೆ ಬಿಡಿ!
ಏಳುವುದಷ್ಟೇ ಅಲ್ಲ, ಹಾಸಿಗೆಯನ್ನೇ ಬಿಡಬೇಕು.
ಹೊದಿಕೆ, ಪರದೆ, ನನ್ನ ಮದುವೆಯ ಮೇಜುಬಟ್ಟೆ,
ತೀರಿಹೋದ ಮಾವನ ಉಣ್ಣೆಯ ಕೋಟು,
ಎಲ್ಲ ಆಲೂಗಡ್ಡೆಗೆ, ಎಲ್ಲ ಬಟಾಣಿಗೆ.
ಬರಿಯ ಮಂಚದ ಮೇಲೆ ನಾವು ಮೂವರು ಕಾಫಿ ಹಿಡಿದು ಕೂತು
ಬೆಳಗು ಮಾಡುತ್ತೇವೆ. ತೋಟ ಮಲಗಿರುತ್ತದೆ.
ಒಂದು ವರ್ಷ ನನ್ನ ಆಸೆಗೆ ಟೊಮ್ಯಾಟೊ ನೆಟ್ಟೆ.
ಅದಕ್ಕೆ ಹೊದಿಕೆ ಉಳಿದಿಲ್ಲ ಎಂದಳು.
ಉಳಿದಿರಲಿಲ್ಲ, ನಿಜ.

ಮೂರು ವರ್ಷದ ಕೆಳಗೆ ಅವಳಿಗೆ ಹಲ್ಲಿನ ಸೆಟ್ಟು ಕಟ್ಟಿಸಿದೆವು,
ಮುತ್ತು ಪೋಣಿಸಿದ ಹಾಗೆ.
ಆ ಸಲ ಬೀಜ ಬಿದ್ದಲ್ಲೇ ಬಿತ್ತು: ಇಲ್ಲಿ ಕಾಡು, ಅಲ್ಲಿ ಬೋಳು.
ಮಾರನೆಯ ವರ್ಷ ಹಲ್ಲು ಬಿಚ್ಚಿ ಏಪ್ರನ್ ಜೇಬಿಗೆ ಹಾಕಿ
ಪಾತಿಗಿಳಿದಳು. ಒಸಡು ಮರೆತಿತ್ತು. ಉಸಿರು ಸಾಲದು.
ಜೊಲ್ಲಷ್ಟೇ ಬಿತ್ತು.
ಮಣ್ಣನ್ನು ನೋಡುತ್ತ ನಿಂತವಳು
ನನ್ನ ಕಡೆ ತಿರುಗಿ ಬೀಜದ ಡಬ್ಬಿ ಚಾಚಿ
ಮೊದಲ ಸಲ ನನ್ನ ಬಾಯಿ ನೋಡಿದಳು, ಮಾತಿಗಲ್ಲ,
ಮುಂದಿನ ಎರಡು ಹಲ್ಲಿನ ನಡುವಿನ ಸಂದು:
ಶಾಲೆಯಲ್ಲಿ ಎಲ್ಲರೂ ಆಡಿಕೊಂಡದ್ದು,
ಫೋಟೊಗಳಲ್ಲಿ ನಾನು ತುಟಿ ಬಿಗಿದು ಅಡಗಿಸಿದ್ದು.
ಇಷ್ಟು ವರ್ಷ ಇದನ್ನು ಎಲ್ಲಿಟ್ಟಿದ್ದೆ, ಅಂದಳು.

ಬೀಜಕ್ಕೆ ಮೊದಲು ರುಚಿಯಿಲ್ಲ, ಆಮೇಲೆ ಖಾರ,
ಮೂಗಿಗೇರುವ ಸಣ್ಣ ಬೆಂಕಿ.
ಅರ್ಧ ನುಂಗಿದೆ. ಕೆಮ್ಮಿದೆ. ಒಂದಿಷ್ಟು ನನ್ನ ಬೂಟಿಗೇ ಬಿತ್ತಿದೆ.
ಆಗದವರ ಮುಖ ನೆನೆಸಿಕೊಂಡು ಉಗಿ
ಎಂದಳು, ಬೇಲಿಗೊರಗಿ.
ಯಾರ ಮುಖವೆಂದು ನಾನು ಹೇಳಲಿಲ್ಲ,
ಅವಳೂ ಕೇಳಲಿಲ್ಲ.
ನಾಲ್ಕನೆಯ ಪಾತಿಗೆ ಬರುವಷ್ಟರಲ್ಲಿ ಫೂ ಹದಕ್ಕೆ ಬಂತು.

ಇನ್ನು ರೈ.
ಹಳೆಯ ಕಣಜದ ಹಲಗೆ ಕಿತ್ತಾಗ ಸಂದಿಯಲ್ಲಿ ಹದಿನೇಳು ಕಾಳು.
ಹೋದ ಆಗಸ್ಟ್‌ನಲ್ಲಿ ಊರಿದೆವು. ಮೊಳೆತದ್ದು ನಾಲ್ಕು.
ಒಂದು ಮೊಲಕ್ಕೆ ಹೋಯಿತು.
ಮೂರು ಈಗ ಮಂಡಿಯುದ್ದ ಹಿಮದಡಿ.
ಕಾಣುವುದು ಬಿಳುಪು, ಗುರುತಿಗೆ ನೆಟ್ಟ ಒಂಟಿ ಸ್ಕೀ ಕೋಲು.
ಬದುಕಿವೆಯಾ ಅಂದರೆ
ಮೆಲ್ಲಗೆ ಮಾತಾಡು, ಎಚ್ಚರವಾದಾವು, ಎನ್ನುತ್ತಾಳೆ.

ಮೂರು ಗಂಟೆಗೇ ಕತ್ತಲು. ಕಿಟಕಿಯ ಲೋಟದಲ್ಲಿ ಅವಳ ಹಲ್ಲು.
ನೆಲಮಾಳಿಗೆಗಿಳಿದು ಮರಳು ಕೆದಕಿ
ಎರಡು ಟರ್ನಿಪ್ ತರುತ್ತೇನೆ, ಬೇಯಿಸುತ್ತೇನೆ,
ಅವಳಿಗೆ ಹಿಸುಕಿ,
ನನಗೆ ಇಡಿಯಾಗಿ.