ವೈಪರ್: ಇದೆ

ಹೊಸನಗರ ಠಾಣೆಯ ಹಿಂದೆ, ಜಪ್ತಿಯಾದ ಮರಳು ಲಾರಿಯ ಪಕ್ಕ
ಹಳದಿ ಬೋರ್ಡಿನ ಆ ಬಿಳಿ ಕಾರು ನಿಂತಿತ್ತು,
ಒಂದು ಕಣ್ಣು ಒಡೆದುಕೊಂಡು.
ಪುನರ್ವಸು ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು.
ಪೇದೆ ಕೊಡೆ ಹಿಡಿದ, ನನಗಲ್ಲ,
ನನ್ನ ಕೈಯಲ್ಲಿದ್ದ ನಮೂನೆಗೆ.

ಬ್ರೇಕ್ ಒತ್ತಿದೆ, ಹಿಡಿಯಿತು.
ಸ್ಟೀರಿಂಗ್ ತಿರುವಿದೆ, ತಿರುಗಿತು.
ಟೈರು, ಹಲ್ಲು ಸವೆದ ಮುದುಕ, ಆದರೂ ಅಗಿಯಬಲ್ಲ.
ವೈಪರ್: ಇದೆ, ಎಂದು ಬರೆದೆ.
ಇತ್ತು.
ಚಾಲಕನ ಕಡೆಯದಕ್ಕೆ ರಬ್ಬರಿರಲಿಲ್ಲ ಅಷ್ಟೆ,
ಬರಿಯ ತಗಡು; ಗಾಜಿನ ಮೇಲೆ ಅದು ಗೀರಿದ ಅರ್ಧ ಚಂದ್ರ.
ನಮೂನೆ ಕೇಳುವುದು ಇದೆಯೋ ಇಲ್ಲವೋ ಎಂದು.

ಗೀರು ನೋಡಲು ಬಗ್ಗಿದಾಗ ಮೂಗಿಗೆ ಬಡಿಯಿತು
ಹೊಗೆಸೊಪ್ಪು.
ಎಲೆಯಡಿಕೆ ಸಂಚಿಯಿಂದ ಒಂದೆಸಳು ಕಿತ್ತು
ನೆನೆಸಿ ಗಾಜಿಗೆ ಉಜ್ಜಿದ್ದಾನೆ ಕೆರಿಯಪ್ಪ,
ಹನಿ ನಿಲ್ಲದೆ ಜಾರಿಹೋಗಲಿ ಅಂತ.
ನನ್ನಪ್ಪನೂ ಉಜ್ಜುತ್ತಿದ್ದ ಸರ್ವೀಸ್ ಬಸ್ಸಿಗೆ,
ಘಟ್ಟ ಇಳಿಯುವ ಮುಂಚೆ,
ಪಟಕ್ಕೆ ಮುಗಿದ ಅದೇ ಕೈಯಲ್ಲಿ.

ವಾಸನೆಗೆ ಕಾಲಂ ಇಲ್ಲ.
ಬರೆಯಲಿಲ್ಲ.

ಎರಡು ವರ್ಷ ಕಳೆದು, ಸಾಗರದ ಕೋರ್ಟು.
ಸತ್ತವನು ಲೈನ್‌ಮನ್ ರುದ್ರೋಜಿ.
ಬಟ್ಟೆಮಲ್ಲಪ್ಪದಾಚೆ ತಂತಿಯ ಮೇಲೆ ಮರ ಬಿದ್ದು
ಸೈಕಲ್ಲೇರಿ ಹೊರಟಿದ್ದ, ಊರಿಗೆ ಬೆಳಕು ಕೊಡಲು.
ಆರೂ ಕಾಲು ಗಂಟೆ. ಹೆಸರಿಗಷ್ಟೇ ಸಂಜೆ.

ವಿಮಾ ಕಂಪನಿಯ ವಕೀಲರು ಎದ್ದರು:
ಮೃತನ ರೇನ್‌ಕೋಟು ಕಪ್ಪು. ಸೈಕಲ್ಲಿನ ಹಿಂದೆ ಕೆಂಪು ಬಿಲ್ಲೆಯಿಲ್ಲ.
ರಸ್ತೆಯಂಚಿಗೆ ಬಿಳಿ ಗೆರೆಯಿಲ್ಲ.
ಇನ್ನು ಮಳೆ, ಅದು ದೈವಕೃತ್ಯ, ಮಾನ್ಯರೇ.
ನ್ಯಾಯಾಧೀಶರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು:
"ಪುನರ್ವಸುವಿನಲ್ಲಿ ಮಳೆ ಬರುತ್ತದೆ ಅನ್ನೋದು
ಈ ತಾಲೂಕಿನಲ್ಲಿ ದೇವರೊಬ್ಬನಿಗೇ ಗೊತ್ತಿತ್ತೇನ್ರಿ?"
ನಗಬೇಕಾದವರು ನಕ್ಕರು.
ಗಿರಿಜಾಬಾಯಿ ನಿಂತಲ್ಲಿಂದಲೇ ಅಂದಳು:
"ಕೋಟು ಕೊಟ್ಟಿದ್ದು ಇಲಾಖೆ ಸ್ವಾಮಿ. ಬಣ್ಣ ಅವ್ರು ಆರಿಸ್ಕಂಡಿದ್ದಲ್ಲ."
ಟೈಪಿಸ್ಟನ ಬೆರಳು ಗಾಳಿಯಲ್ಲೇ ನಿಂತಿತು,
ಯಾರೂ ಕೇಳದ ಉತ್ತರವನ್ನು ಒತ್ತಬೇಕೋ ಬೇಡವೋ.

ನನ್ನ ಸರದಿ.
ವೈಪರ್ ಇತ್ತೇ? ಇತ್ತು.
ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ, ನಿಮ್ಮದೇ ಸಹಿ? ನನ್ನದೇ.
ಬೇರೆ ಏನಾದರೂ ಕಂಡಿರಾ?

ಎದುರು ಬೆಂಚಿನಲ್ಲಿ ಕೆರಿಯಪ್ಪ ಅಂಗೈ ನೋಡಿಕೊಳ್ಳುತ್ತಿದ್ದ.
ಹೇಳಿದರೆ ಹೊಗೆಸೊಪ್ಪು ಎರಡು ಮಾತಾಡುತ್ತದೆ.
ಎಚ್ಚರವಿದ್ದವನು, ಕೈಲಾದದ್ದು ಮಾಡಿದ.
ಕಾಣುವುದಿಲ್ಲವೆಂದು ಗೊತ್ತಿದ್ದವನು, ಆದರೂ ಹೊರಟ.
ಒಂದೇ ಎಲೆ, ಎರಡೂ ಮಗ್ಗುಲು ಖಾರ.

ಮೂರನೆಯ ಮಾತೂ ಇತ್ತು, ಯಾರೂ ಕೇಳಲಿಲ್ಲ:
ಆ ಕಾರಿಗೆ ಮಾರ್ಚಿನಲ್ಲಿ ಎಫ್‌ಸಿ ಕೊಟ್ಟವರು ಯಾರು.
ಅವತ್ತು ಮೈದಾನದಲ್ಲಿ ನಲವತ್ತು ಗಾಡಿ, ನೆತ್ತಿ ಸೀಳುವ ಬಿಸಿಲು.
ಬಿಸಿಲಲ್ಲಿ ವೈಪರ್ ಯಾರು ನೋಡುತ್ತಾರೆ?
ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದೆ,
ತಗಡು ಅಂಗೈ ಸುಟ್ಟದ್ದೊಂದೇ ನೆನಪು.

"ಬೇರೆ ಏನೂ ಇಲ್ಲ."

ತೀರ್ಪು ಬಂತು. ಚಾಲಕನ ಪಾಲು ಎಂಬತ್ತು.
ರುದ್ರೋಜಿಯ ಪಾಲು ಇಪ್ಪತ್ತು, ಕಪ್ಪು ಕೋಟಿನ ಬಾಬ್ತು.
ಮಳೆಗೆ ಏನೂ ಬರಲಿಲ್ಲ, ನನಗೂ.
ಅಷ್ಟರಲ್ಲಿ ನೂರು ಮುಗಿದಿತ್ತು.

ಈಗ ಮಾರ್ಚಿನಲ್ಲಿ ಮೈದಾನಕ್ಕೆ ಹೋಗುವಾಗ
ಎರಡು ಬಾಟಲಿ ನೀರು ಒಯ್ಯುತ್ತೇನೆ.
ಗಾಜಿಗೆ ಸುರಿದು, ಓಡಿಸ್ರಿ ವೈಪರ್, ಅನ್ನುತ್ತೇನೆ.
ಡ್ರೈವರುಗಳು ಮುಖ ಮುಖ ನೋಡಿಕೊಳ್ಳುತ್ತಾರೆ:
"ಮಳೆ ಎಲ್ಲಿದೆ ಮೇಡಂ ಈಗ?"
ಉತ್ತರ ಕೊಡುವುದಿಲ್ಲ.
ಬಗ್ಗಿ, ಒದ್ದೆ ಗಾಜಿನ ಹತ್ತಿರಕ್ಕೆ
ಮೂಗು ತರುತ್ತೇನೆ.