ಮುಸುರೆ

ಬೆಟ್ಟದ ಮೇಲಿನ ಹಾಳು ಕುರಿದೊಡ್ಡಿಯಿಂದ
ಕಲ್ಲು ಹೊತ್ತು ತಂದದ್ದು ಅವಳೇ,
ದಿನಕ್ಕೆ ನಾಲ್ಕು, ಮಂಡಿ ನೋಯದ ದಿನ ಐದು.
ಸೊಂಟದೆತ್ತರ ದುಂಡು ಗೋಡೆ ಎದ್ದಾಗ
ಸೆಖೊನ್ಯಾನಾ ಕುದುರೆ ನಿಲ್ಲಿಸಿ ಕೇಳಿದ:
"ಯಾರನ್ನು ಹೂಳುತ್ತೀಯ, ಪುಸೆಲೆಟ್ಸೊ?"

"ಇದ್ದಬದ್ದದ್ದನ್ನೆಲ್ಲ."

ತಳಕ್ಕೆ ತುಕ್ಕು ಹಿಡಿದ ಡಬ್ಬಿಗಳು: ಮೀನಿನದು, ಹಾಲುಪುಡಿಯದು,
ದಾನಕ್ಕೆ ಬಂದ ಎಣ್ಣೆಯದು, ಅದರ ಮೈಮೇಲೆ ಯಾವುದೋ ದೇಶದ ಬಾವುಟ.
ಮೇಲೆ ಬೂದಿ. ಒಣಹುಲ್ಲು. ಹಿಕ್ಕೆ. ಮೂಳೆ.
ಗಂಡನ ಗಣಿಬೂಟು, ಒಂದೇ ಒಂದು;
ಇನ್ನೊಂದು ಗಡಿಯಾಚೆ
ಅವನ ಜೊತೆಗೇ ಚಿನ್ನದ ಕೆಳಗೆ ಉಳಿಯಿತು.
ಕೊನೆಗೆ ಮಣ್ಣು, ಒಂದಿಷ್ಟೇ.
ಲೆಸೊಥೊ ನೆರೆಯವರಿಗೆ ನೀರು ಮಾರುವ ನಾಡು;
ಮಣ್ಣು ಮಾತ್ರ ಪುಕ್ಕಟೆ ಹರಿದುಹೋಗುತ್ತದೆ.

ನಟ್ಟನಡುವೆ ಬಾಯಿ ತೆರೆದ ಕಡ್ಡಿಬುಟ್ಟಿ.
ನಾವು ಮೂಗು ಮುರಿದು ಚೆಲ್ಲುವ ಮುಸುರೆಯನ್ನು
ಅವಳು ಸಂಜೆ ಸಂಜೆ ಅದಕ್ಕೆ ಕುಡಿಸುತ್ತಾಳೆ,
ಒಂದು ಹನಿ ಆಚೀಚೆ ಆಗದಂತೆ.

ಮೆಕ್ಕೆಜೋಳದ ಬಿಳಿ ಮುದ್ದೆಗೆ ಅಲ್ಲಿ ಪಾಪಾ ಎನ್ನುತ್ತಾರೆ.
ಬೆಳಗ್ಗೆ ಪಾಪಾ, ರಾತ್ರಿ ಪಾಪಾ, ಬರೀ ಪಾಪಾ.
ತಿಂದೂ ತಿಂದೂ ಮೊಮ್ಮಗಳ ಹೊಟ್ಟೆ ಉಬ್ಬಿತ್ತು,
ಕೂದಲು ಕೆಂಚಾಗಿತ್ತು.
ಕ್ಲಿನಿಕ್ಕಿನವರು ತೋಳಿಗೆ ಸುತ್ತಿದ ಪಟ್ಟಿ
ಹಳದಿಯಲ್ಲಿ ನಿಂತಿತ್ತು, ಕೆಂಪಿಗೆ ಕೂದಲೆಳೆ ಬಾಕಿ.
ಎರಡು ತುಂಬಿದರೂ ತುಟಿ ಬಿಚ್ಚಿರಲಿಲ್ಲ.
ಹೆಸರು ಲಿಪುವೊ. ಅಂದರೆ, ಮಾತುಗಳು.

ಅಲ್ಲಿಯ ಜೂನ್ ಮಳೆಯಲ್ಲ, ಹಿಮ.
ಪಾಲಕ್ಕು ಆಗಷ್ಟೇ ಕಿವಿ ಬಿಡಿಸಿತ್ತು.
ಮದುವೆಯ ಕಂಬಳಿಯನ್ನು ಪಾತಿಗೆ ಹೊದಿಸಿ
ಇರುಳೆಲ್ಲ ಒಲೆಯ ಬೂದಿ ಕೆದಕುತ್ತ ಕೂತಳು.
ಬೆಳಗ್ಗೆ ಮತ್ತದೇ ಕುದುರೆ, ಮತ್ತದೇ ಸೆಖೊನ್ಯಾನಾ:
"ಗೋರಿಗೂ ಚಳಿಯೇ?"
ಅವಳು ಉತ್ತರಿಸಲಿಲ್ಲ.
ಕಂಬಳಿ ಎತ್ತಿ ಕೊಡವಿದಳು.
ಹಸಿರು ಉಸಿರಾಡುತ್ತಿತ್ತು.

ಆಗಸ್ಟಿನಲ್ಲಿ ಅವನ ಕೈಗೂ ಒಂದು ಕಟ್ಟು ಸೊಪ್ಪು ಬಂತು.
ಎರಡು ಕಟ್ಟು ಉಪ್ಪಾಯಿತು, ಮೂರು ಕಟ್ಟು ಸೀಮೆಎಣ್ಣೆ.
ಸೆಖೊನ್ಯಾನಾ ಗಂಟಲು ಸರಿಮಾಡಿಕೊಂಡು
"ಹಳೇ ಡಬ್ಬಿ ಇನ್ನೂ ಇವೆಯೇ?" ಎಂದ,
ಬೇರೆಲ್ಲೋ ನೋಡುತ್ತ.

ಪಟ್ಟಿ ಇನ್ನೂ ಹಳದಿಯಲ್ಲೇ ಇದೆ,
ಹಸಿರಿನ ಕಡೆಯ ಹಳದಿ.
ನಿನ್ನೆ ಬೀಟ್‌ರೂಟು ಬೇಯಿಸಿ ಹಿಸುಕಿ
ಅಜ್ಜಿ ಬಾಯಿಗಿಟ್ಟ ತುತ್ತನ್ನು
ಲಿಪುವೊ ಗಲ್ಲದ ತುಂಬ ಕೆಂಪಾಗಿ ಉಗಿದು,
ಮುಖ ಕಿವುಚಿ, ಸ್ಪಷ್ಟವಾಗಿ, ಮೊದಲ ಸಲ,
"ಚೇ!" ಅಂದಳು.

ಅವರ ಭಾಷೆಯಲ್ಲಿ ಚೇ ಅಂದರೆ ಬೇಡ.

ಬೇಡ ಎನ್ನುವಷ್ಟು ಆ ಮನೆಯಲ್ಲಿ ಇದೆಯೆಂದು
ಪುಸೆಲೆಟ್ಸೊ ನಗುತ್ತ ನಗುತ್ತ
ಬಟ್ಟಲು ತೊಳೆದಳು,
ಆ ಕೆಂಪು ನೀರನ್ನೂ ಬುಟ್ಟಿಗೇ ಸುರಿದಳು.