ಎಡಗಡೆ

ಲಾರಿಗೆ ಎಡಗಡೆ ಕಣ್ಣಿಲ್ಲ.
ಕನ್ನಡಿ ಇದೆ. ಕನ್ನಡಿ ತೋರಿಸುವುದು ದಾಟಿ ಬಂದದ್ದನ್ನು;
ಚರಂಡಿ ಇನ್ನೆಷ್ಟು ಬೆರಳು ದೂರ ಅನ್ನುವುದನ್ನು
ಅದು ಯಾವ ಜನ್ಮದಲ್ಲೂ ಹೇಳಿದ್ದಿಲ್ಲ.
ಅದಕ್ಕೇ ಎಡಗಡೆ ಒಬ್ಬ ಕ್ಲೀನರ್.
ಬಾಡಿಯ ಮೇಲೆ ಒಂದು ಪೆಟ್ಟು ಬಿದ್ದರೆ ನಿಲ್ಲು,
ಎರಡು ಬಿದ್ದರೆ ಬಾ,
ಬೀಳುತ್ತಲೇ ಇದ್ದರೆ ದೇವರನ್ನು ನೆನೆ.

ಹೀಗೆ ಹೇಳಿಕೊಟ್ಟವರು ಪೋಕರ್ ಕಾಕ.
ಒಂಬತ್ತು ವರ್ಷ ನಾನೇ ಅವರ ಎಡಗಣ್ಣು.
"ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ, ಐತಪ್ಪಾ.
ಬ್ರೇಕು ಅನ್ನುವುದು ನೆಂಟರ ಹತ್ತಿರ ಕೇಳುವ ಸಾಲ,
ಮೇಲೆ ಖರ್ಚು ಮಾಡಿಕೊಂಡರೆ ಬುಡದಲ್ಲಿ ಸಿಗುವುದಿಲ್ಲ."
ಮೊದಲ ಸಲ ಸ್ಟಿಯರಿಂಗ್ ಕೊಟ್ಟ ದಿನ
ಅಮ್ಮತ್ತಿಯ ಒಂದು ಕಾಫಿ ಕಣದಲ್ಲಿ ರಿವರ್ಸ್ ತೆಗೆಸಿದರು.
ನಾಲ್ಕು ಸಲ ಗೇಟಿನ ಕಂಬ,
ಐದನೆಯ ಸಲ ಅವರ ಚಪ್ಪಲಿ.
ಈಗ ನೆಲ್ಯಹುದಿಕೇರಿಯ ಮನೆಯಂಗಳದಲ್ಲಿ
ಮೊಮ್ಮಗನ ಸೈಕಲ್ಲಿಗೂ ಎಡಗಡೆ ನಿಂತೇ ಕೂಗುತ್ತಾರಂತೆ.

ನನಗೆ ಕ್ಲೀನರ್ ಇಲ್ಲ. ಸಾಹುಕಾರರು ಕ್ಯಾಮೆರಾ ಹಾಕಿಸಿದ್ದಾರೆ.
ಅದು ಬತ್ತ ಕೇಳುವುದಿಲ್ಲ, ಬೀಡಿ ಕೇಳುವುದಿಲ್ಲ,
ಮಂಜು ಕೂತರೆ ಮಾತ್ರ ಪೊರೆ ಬಂದ ಮುದುಕಿಯ ಹಾಗೆ
ಎಲ್ಲವನ್ನೂ ಬೆಳ್ಳಗೆ ನೋಡುತ್ತದೆ.

ಪೆರುಂಬಾಡಿ ಗೇಟಲ್ಲಿ ಪರ್ಮಿಟ್ ತೋರಿಸಿ ಹೊರಟಾಗ ರಾತ್ರಿ ಒಂದೂವರೆ.
ಮಾಕುಟ್ಟದ ಇಳಿಜಾರು.
ಹದಿನಾರು ಟನ್ನು ಸಿಲ್ವರ್ ಓಕ್ ಬೆನ್ನ ಹಿಂದೆ ಕೂತು
ಬೇಗ ಬೇಗ ಅನ್ನುತ್ತದೆ,
ಎರಡನೇ ಗೇರು ಹಲ್ಲು ಕಚ್ಚಿಕೊಂಡು ಬೇಡ ಅನ್ನುತ್ತದೆ.
ಮಳೆಯಲ್ಲಿ ಕುಸಿದ ಕಡೆ ಇನ್ನೂ ಮರಳಿನ ಮೂಟೆ,
ರಸ್ತೆ ಅಲ್ಲಿ ಅರ್ಧ.
ಆ ಅರ್ಧಕ್ಕೆ ಸರಿಯಾಗಿ ಕೆಳಗಿನಿಂದ ಎರಡು ಲೈಟು.

ಏರುವವನಿಗೆ ದಾರಿ ಬಿಡಬೇಕು.
ಘಾಟಿಯ ಕಾನೂನು, ಪೊಲೀಸರಿಗಿಂತ ಹಳೆಯದು.
ಬಿಡಬೇಕಾದರೆ ನಾನು ಹಿಮ್ಮುಖ ಹತ್ತಬೇಕು,
ನಲವತ್ತು ಮಾರು, ತಿರುವಿನಾಚೆ ಅಗಲ ಇರುವಲ್ಲಿಗೆ.
ಎಡಕ್ಕೆ ಏನಿದೆ?
ಹೊಳೆಯ ಸದ್ದು ಇದೆ. ಅಷ್ಟೇ ಗೊತ್ತು.

ಅವನು ಹಾರ್ನ್ ಹೊಡೆಯಲಿಲ್ಲ. ಬೈಯಲೂ ಇಲ್ಲ.
ತನ್ನ ಗಾಲಿಗೆ ಕಲ್ಲು ಕೊಟ್ಟು, ಲುಂಗಿ ಎತ್ತಿ ಕಟ್ಟಿ,
ನನ್ನ ಬೆಳಕು ದಾಟಿ ಹಿಂದಕ್ಕೆ ನಡೆದ.
ಮುಖ ಕಾಣಲಿಲ್ಲ, ಬೀಡಿಯ ಕಿಡಿ ಕಂಡಿತು.
ಆಮೇಲೆ ಎಡಗಡೆಯಿಂದ ಒಂದು ದನಿ:
"ಪೋರಟ್ಟೆ... ಪೋರಟ್ಟೆ..."
ಎರಡು ಪೆಟ್ಟು.

ಎಷ್ಟು ವರ್ಷ ಆಗಿತ್ತು ಆ ಸದ್ದು ಕೇಳಿ!
ಕಾಲು ನನ್ನನ್ನು ಕೇಳದೆಯೇ
ಕ್ಲಚ್ಚಿನ ಮೇಲೆ ಅರ್ಧ ಎದ್ದು ನಿಂತಿತು.
ಒಂದಂಗುಲ. ಇನ್ನೊಂದು. ಪ್ಲೇಟು ಸುಟ್ಟ ವಾಸನೆ.
ಒಂದು ಪೆಟ್ಟು.
ನಿಂತೆ.
ಹಿಂದಿನ ಚಕ್ರದಡಿಯಿಂದ ಜಾರಿದ ಕಲ್ಲು
ಎಷ್ಟೋ ಹೊತ್ತಾದ ಮೇಲೆ ಕೆಳಗೆ ಎಲ್ಲೋ ತಾಗಿತು.
ಬಲಕ್ಕೆ ಪೂರ್ತಿ ತಿರುಗಿಸು ಅಂದ, ಅವನ ಮಲೆಯಾಳದಲ್ಲಿ.
ತಿರುಗಿಸಿದೆ. ಮತ್ತೆ ಎರಡು.

ಕೊನೆಗೆ ಅವನ ಲಾರಿ
ನನ್ನ ಕನ್ನಡಿಗೆ ಉಸಿರು ತಾಗಿಸಿಕೊಂಡು ಏರಿಹೋಯಿತು.
ಕೆಂಪುಕಲ್ಲಿನ ಲೋಡು.
ಹಿಂದೆ ಬರೆಸಿದ್ದ ಹೆಸರು ಓದುವಷ್ಟರಲ್ಲಿ ತಿರುವು.

ವಳಪಟ್ಟಣದ ಮಿಲ್ಲಿನಲ್ಲಿ ದಿಮ್ಮಿ ಇಳಿಸುವಾಗ ಬೆಳಗಾಯಿತು.
ಎಡಗಡೆ, ನನ್ನ ಎದೆಯೆತ್ತರಕ್ಕೆ,
ಬಾಡಿಯ ಧೂಳಿನ ಮೇಲೆ ಒದ್ದೆ ಕೆಂಪು ಅಂಗೈಗಳು.
ಎಣಿಸಿದೆ, ಹನ್ನೊಂದು.
ಎಲ್ಲದರಲ್ಲೂ ನಾಲ್ಕೇ ಬೆರಳು.

ವಾಪಸು ಬಂದು ವಿರಾಜಪೇಟೆಯಲ್ಲಿ ವಾಟರ್ ಸರ್ವಿಸಿಗೆ ಬಿಟ್ಟೆ.
ಎಡಗಡೆ ಇವತ್ತು ಬೇಡ ಅಂದೆ, ಪೈಪು ಹಿಡಿದ ಹುಡುಗನಿಗೆ.
ಯಾಕೆ ಅಂತ ಕೇಳಲಿಲ್ಲ.
ದುಡ್ಡು ಮಾತ್ರ ಪೂರ್ತಿ ತಗೊಂಡ.